ಬಿಳಿನೊಣ ಹರಡುವ ನಂಜುರೋಗ: ಟೊಮೆಟೊ, ಬೆಂಡೆ, ಬೀನ್ಸ್ ಬೆಳೆಗಳನ್ನು ಮೊದಲ 40 ದಿನ ಕಾಯುವ ಬಗೆ

ಟೊಮೆಟೊ ಗಿಡದ ಕುಡಿ ಮುಟುರಿಕೊಂಡು ಹಳದಿಗೆ ತಿರುಗಿದ್ದು ಕಂಡ ದಿನವೇ ಬಹುಪಾಲು ಬೆಳೆಗಾರರು ಔಷಧಿ ಅಂಗಡಿಯ ದಾರಿ ಹಿಡಿಯುತ್ತಾರೆ. ಆದರೆ ಆ ಲಕ್ಷಣ ಕಣ್ಣಿಗೆ ಬೀಳುವ ಹೊತ್ತಿಗೆ ನಂಜಾಣು, ಅಂದರೆ ವೈರಸ್, ಗಿಡವನ್ನು ಹೊಕ್ಕು ಒಂದರಿಂದ ಎರಡು ವಾರ ಕಳೆದಿರುತ್ತದೆ. ಒಮ್ಮೆ ಒಳಗೆ ಸೇರಿದ ನಂಜಾಣುವನ್ನು ತೆಗೆದುಹಾಕುವ ಔಷಧಿ ಇಂದಿಗೂ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಬಾಟಲಿಯಲ್ಲಿರುವುದು ನೊಣವನ್ನು ಕೊಲ್ಲುವ ವಿಷವೇ ಹೊರತು ರೋಗಕ್ಕೆ ಮದ್ದಲ್ಲ. ಆದ್ದರಿಂದ ಎಲೆಮುಟುರು ರೋಗದ ವಿಷಯದಲ್ಲಿ ಬೆಳೆಗಾರನ ಕೈಯಲ್ಲಿರುವ ಕೆಲಸವೆಲ್ಲ ರೋಗ ಕಾಣುವುದಕ್ಕೆ ಮೊದಲಿನದು. ಅದರಲ್ಲೂ ಸಸಿಮಡಿಯಿಂದ ಹಿಡಿದು ನಾಟಿಯಾದ ನಂತರದ ಸುಮಾರು 40 ದಿನಗಳವರೆಗಿನದು. ನಾಟಿಯಾದ ಮೂರು ನಾಲ್ಕು ವಾರಗಳೊಳಗೆ ರೋಗ ತಗುಲಿದ ಟೊಮೆಟೊ ಗಿಡದಿಂದ ಮಾರುಕಟ್ಟೆಗೆ ಒಯ್ಯುವಂಥ ಕಾಯಿ ಬಹುತೇಕ ಸಿಗುವುದಿಲ್ಲ. ಅದೇ ಗಿಡಕ್ಕೆ ಕಾಯಿ ಕಚ್ಚಿದ ಮೇಲೆ ರೋಗ ತಗುಲಿದರೆ ನಷ್ಟ ಎಷ್ಟೋ ಕಡಿಮೆ. ಈ ಬರಹದಲ್ಲಿ ಹೇಳಿರುವ ಕ್ರಮಗಳೆಲ್ಲ ಈ ಒಂದು ವ್ಯತ್ಯಾಸದ ಮೇಲೆ ನಿಂತಿವೆ.

ಈ ರೋಗಗಳು ನಮ್ಮಲ್ಲಿ ಹೊಸವಲ್ಲ. ಬೆಂಡೆಯ ಹಳದಿ ನರದ ನಂಜುರೋಗವನ್ನು 1924ರಲ್ಲಿ ಅಂದಿನ ಮುಂಬಯಿ ಪ್ರಾಂತ್ಯದಲ್ಲಿ ದಾಖಲಿಸಲಾಗಿತ್ತು. ಟೊಮೆಟೊದ ಎಲೆಮುಟುರು ರೋಗದ ವಿವರಣೆ 1948ರಲ್ಲಿ, ಹೆಸರು ಬೆಳೆಯ ಹಳದಿ ನಂಜುರೋಗದ ವಿವರಣೆ 1960ರಲ್ಲಿ ಪ್ರಕಟವಾದವು. ಟೊಮೆಟೊಗೆ ಈ ರೋಗ ತರುವ ನಂಜಾಣುಗಳಲ್ಲಿ ಒಂದಕ್ಕೆ ಬೆಂಗಳೂರಿನ ಹೆಸರನ್ನೂ ಇನ್ನೊಂದಕ್ಕೆ ಕರ್ನಾಟಕದ ಹೆಸರನ್ನೂ ಇಡಲಾಗಿದೆ. ಕೋಲಾರ, ಚಿಕ್ಕಬಳ್ಳಾಪುರ ಭಾಗದಲ್ಲಿ ವರ್ಷದ ಹನ್ನೆರಡು ತಿಂಗಳೂ ಟೊಮೆಟೊ ಯಾವುದಾದರೊಂದು ಹೊಲದಲ್ಲಿ ಇದ್ದೇ ಇರುತ್ತದೆ ಎಂಬುದನ್ನು ನೆನೆದರೆ ರೋಗವೂ ಇಲ್ಲೇ ನೆಲೆಯೂರಿರುವುದರಲ್ಲಿ ಆಶ್ಚರ್ಯವಿಲ್ಲ.

ನೊಣವೂ ನಂಜಾಣುವೂ

ಬಿಳಿನೊಣಕ್ಕೆ ನಾವು ನೊಣ ಎನ್ನುತ್ತೇವಾದರೂ ಅದು ಸಸ್ಯಹೇನು, ಜಿಗಿಹುಳುಗಳ ಬಳಗಕ್ಕೆ ಸೇರಿದ ರಸಹೀರುವ ಕೀಟ. ವಿಜ್ಞಾನಿಗಳು ಬೆಮಿಸಿಯಾ ಟಬಾಸಿ ಎಂದು ಕರೆಯುವ ಈ ಕೀಟದ ಉದ್ದ ಸುಮಾರು 1 ಮಿಲಿಮೀಟರ್. ಹಳದಿ ಮೈ, ಅದರ ಮೇಲೆ ಮೇಣದ ಹುಡಿ ಬಳಿದ ಎರಡು ಜೊತೆ ಬಿಳಿ ರೆಕ್ಕೆ. ಹೆಣ್ಣು ನೊಣ ಎಲೆಯ ತಳಭಾಗದಲ್ಲಿ ಒಂದೊಂದಾಗಿ ಮೊಟ್ಟೆಯಿಡುತ್ತದೆ. ತನ್ನ ಆಯುಷ್ಯದಲ್ಲಿ ನೂರಕ್ಕೂ ಹೆಚ್ಚು ಮೊಟ್ಟೆಗಳನ್ನು ಇಡಬಲ್ಲದು. ಮೊಟ್ಟೆಯಿಂದ ಹೊರಬಂದ ಮರಿ ಸ್ವಲ್ಪ ದೂರ ತೆವಳಿ, ಒಂದು ಕಡೆ ಬಾಯಿ ಊರಿ, ಅಲ್ಲಿಂದ ಮುಂದೆ ಕದಲದೆ ಶಲ್ಕದಂತೆ ಎಲೆಗೆ ಅಂಟಿಕೊಂಡೇ ನಾಲ್ಕು ಹಂತಗಳಲ್ಲಿ ಬೆಳೆಯುತ್ತದೆ. ಬೇಸಿಗೆಯ ಬಿಸಿಯಲ್ಲಿ ಮೊಟ್ಟೆಯಿಂದ ರೆಕ್ಕೆಯ ನೊಣವಾಗುವವರೆಗೆ ಎರಡೂವರೆ ವಾರ ಸಾಕು. ಹಾಗಾಗಿ ಫೆಬ್ರವರಿಯಿಂದ ಮೇ ತಿಂಗಳವರೆಗೆ ಒಂದೇ ಬೆಳೆಯ ಮೇಲೆ ನಾಲ್ಕೈದು ತಲೆಮಾರುಗಳು ಹುಟ್ಟಿ ಬೆಳೆಯುತ್ತವೆ. ಜಡಿಮಳೆ ಬಿದ್ದಾಗ ಸಂಖ್ಯೆ ತಾನಾಗಿಯೇ ಇಳಿಯುತ್ತದೆ.

ನಂಜಾಣು ಇರುವುದು ಗಿಡದ ಆಹಾರನಾಳಗಳಲ್ಲಿ. ಬಿಳಿನೊಣ ತನ್ನ ಕೂದಲೆಳೆಗಿಂತ ಸಪೂರವಾದ ಬಾಯಿಯನ್ನು ಎಲೆಯ ತಳದಿಂದ ಚುಚ್ಚಿ, ಜೀವಕೋಶಗಳ ನಡುವೆ ದಾರಿ ಮಾಡಿಕೊಂಡು, ನೇರವಾಗಿ ಆ ನಾಳವನ್ನೇ ಮುಟ್ಟುತ್ತದೆ. ರೋಗದ ಗಿಡದಲ್ಲಿ ಕಾಲು ಗಂಟೆ ರಸ ಹೀರಿದರೂ ನಂಜಾಣು ಅದರ ಹೊಟ್ಟೆ ಸೇರಬಹುದು. ಹೆಚ್ಚು ಹೊತ್ತು ಹೀರಿದಷ್ಟೂ ಹೆಚ್ಚು ಸೇರುತ್ತದೆ. ಆದರೆ ಸೇರಿದ ಕೂಡಲೇ ನೊಣ ರೋಗ ಹರಡಲಾರದು. ನಂಜಾಣು ಕರುಳಿನ ಗೋಡೆಯನ್ನು ದಾಟಿ, ಮೈಯ ದ್ರವದಲ್ಲಿ ತೇಲಿ, ಜೊಲ್ಲಿನ ಗ್ರಂಥಿಯನ್ನು ತಲುಪಬೇಕು. ಇದಕ್ಕೆ ಸುಮಾರು 8 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ. ಅಲ್ಲಿಂದ ಮುಂದೆ ಆ ನೊಣ ಆರೋಗ್ಯವಾದ ಗಿಡದ ಮೇಲೆ ಕುಳಿತು ಅರ್ಧ ಗಂಟೆ ರಸ ಹೀರಿದರೆ, ಜೊಲ್ಲಿನ ಜೊತೆಗೆ ನಂಜಾಣುವೂ ಗಿಡದೊಳಗೆ ಇಳಿಯುತ್ತದೆ. ಹೀಗೆ ಒಮ್ಮೆ ನಂಜಾಣು ಹೊತ್ತ ನೊಣ ವಾರಗಟ್ಟಲೆ, ಅನೇಕ ಸಲ ತಾನು ಸಾಯುವವರೆಗೂ, ಹೋದಲ್ಲೆಲ್ಲ ರೋಗ ಹರಡುತ್ತಲೇ ಇರುತ್ತದೆ.

ಇಲ್ಲಿ ಒಂದು ಸಂಗತಿಯನ್ನು ಗಟ್ಟಿಯಾಗಿ ಹೇಳಬೇಕಾಗಿದೆ, ಏಕೆಂದರೆ ಹೊಲದಲ್ಲಿ ಇದನ್ನು ಗಮನಿಸುವವರು ಕಡಿಮೆ. ನಂಜಾಣುವನ್ನು ಹೀರಿಕೊಳ್ಳುವುದು ರೆಕ್ಕೆಯ ನೊಣ ಮಾತ್ರವಲ್ಲ, ಎಲೆಗೆ ಅಂಟಿ ಕುಳಿತ ಮರಿಯೂ ಹೀರಿಕೊಳ್ಳುತ್ತದೆ. ಆ ಮರಿ ರೆಕ್ಕೆ ಮೂಡಿಸಿಕೊಂಡು ಹಾರುವಾಗ ನಂಜಾಣುವನ್ನು ಹೊತ್ತೇ ಹಾರುತ್ತದೆ. ಅಂದರೆ ರೋಗ ತಗುಲಿದ ಒಂದು ಗಿಡವನ್ನು ಹೊಲದಲ್ಲಿ ಹಾಗೆಯೇ ಬಿಟ್ಟರೆ, ಅದರ ಕೆಳಗಿನ ಎಲೆಗಳಲ್ಲಿ ಹುಟ್ಟಿ ಬೆಳೆದ ನೂರಾರು ನೊಣಗಳು ರೋಗವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ; ಅವು ಹುಟ್ಟಿದ ಮನೆಯಲ್ಲೇ ರೋಗವಿರುತ್ತದೆ. ಕೊಯ್ಲು ಮುಗಿದ ಹಳೆಯ ಟೊಮೆಟೊ ತೋಟದ ಪಕ್ಕದಲ್ಲಿ ಹೊಸ ನಾಟಿ ಮಾಡಿದಾಗ ಎರಡೇ ವಾರದಲ್ಲಿ ಸಾಲಿಗೆ ಸಾಲೇ ಮುಟುರುವುದಕ್ಕೆ ಕಾರಣ ಇದೇ.

ಈ ವಿವರಣೆ ಬೆಗೊಮೊವೈರಸ್ ಎಂಬ ಗುಂಪಿನ ನಂಜಾಣುಗಳಿಗೆ ಸಂಬಂಧಿಸಿದ್ದು. ಟೊಮೆಟೊ ಎಲೆಮುಟುರು, ಬೆಂಡೆಯ ಹಳದಿ ನರ, ಹೆಸರು, ಉದ್ದು, ಹುರುಳಿ, ಅವರೆಗಳ ಹಳದಿ ನಂಜು ಎಲ್ಲವೂ ಈ ಗುಂಪಿನವೇ. ಅಲಸಂದೆ, ಸೋಯಾ, ನೆಲಗಡಲೆಗಳಿಗೆ ತಗುಲುವ ಇನ್ನೊಂದು ಗುಂಪಿನ ನಂಜಾಣುವನ್ನೂ ಬಿಳಿನೊಣ ಒಯ್ಯುತ್ತದೆ. ಆದರೆ ಅದು ನೊಣದ ಬಾಯಿಯಲ್ಲಷ್ಟೇ ಸ್ವಲ್ಪ ಕಾಲ ಉಳಿದು ಬೇಗ ಅಳಿದುಹೋಗುತ್ತದೆ. ಬೆಗೊಮೊವೈರಸ್‌ಗಳು ಹೊಲದಲ್ಲಿ ಮುಖ್ಯವಾಗಿ ಬಿಳಿನೊಣದಿಂದಲೇ ಹರಡುತ್ತವೆ. ಗಿಡಕ್ಕೆ ಕೋಲು ಕಟ್ಟುವ ಕೈಯಿಂದ, ಕುಡಿ ಚಿವುಟುವ ಉಗುರಿನಿಂದ ಹರಡುವುದು ಹೊಗೆಸೊಪ್ಪಿನ ಮೊಸಾಯಿಕ್ ನಂಜಾಣುವಿನ ಜಾತಿಯ ಬೇರೆ ರೋಗಗಳು.

ನೊಣಗಳಲ್ಲಿಯೂ ಒಳಭೇದಗಳಿವೆ. ನೋಡಲು ಒಂದೇ ತೆರನಾಗಿ ಕಾಣುವ ಬೆಮಿಸಿಯಾ ಟಬಾಸಿ ವಾಸ್ತವವಾಗಿ ಹತ್ತಾರು ಪ್ರಭೇದಗಳ ಒಂದು ಕೂಟ. ಬಿ ಜೀವಿಮಾದರಿ ಎಂದು ಹೆಸರಾದ ವಿದೇಶಿ ಪ್ರಭೇದವೊಂದನ್ನು ಭಾರತದಲ್ಲಿ ಮೊದಲು ಗುರುತಿಸಿದ್ದು 1999ರಲ್ಲಿ, ಕೋಲಾರದ ಟೊಮೆಟೊ ಹೊಲಗಳಲ್ಲಿ. ಸ್ಥಳೀಯ ನೊಣಕ್ಕಿಂತ ಟೊಮೆಟೊ ಗಿಡದ ಮೇಲೆ ಚೆನ್ನಾಗಿ ವೃದ್ಧಿಯಾಗಬಲ್ಲ ಈ ನೊಣದೊಂದಿಗೆ ಎಲೆಮುಟುರು ರೋಗದ ಹಾವಳಿಯೂ ಏರಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ವಿ. ಮುನಿಯಪ್ಪ ಮತ್ತು ಅವರ ಸಹೋದ್ಯೋಗಿಗಳು ಈ ರೋಗ, ನೊಣ ಮತ್ತು ಕಳೆಗಳ ನಂಟಿನ ಬಗ್ಗೆ ದಶಕಗಳ ಕಾಲ ಮಾಡಿದ ಕೆಲಸ ಇಂದಿನ ನಮ್ಮ ತಿಳಿವಳಿಕೆಯ ತಳಹದಿ. ಅಂದಹಾಗೆ ತೆಂಗಿನ ಗರಿಗಳ ತಳದಲ್ಲಿ ಸುರುಳಿಯಾಕಾರವಾಗಿ ಮೊಟ್ಟೆಯಿಟ್ಟು, ಗರಿಗೆ ಕಪ್ಪು ಬೂಷ್ಟು ಹಿಡಿಸುವ ಬಿಳಿನೊಣ ಬೇರೆಯದೇ ಜಾತಿ. ತೆಂಗಿನ ಮರದಲ್ಲಿ ಅದು ಕಂಡಿತೆಂದು ಕೆಳಗಿನ ಟೊಮೆಟೊಗೆ ನಂಜು ಬರುತ್ತದೆ ಎಂದು ಹೆದರಬೇಕಾಗಿಲ್ಲ.

ಮುಟುರಿದ ಎಲೆಯೆಲ್ಲ ಬಿಳಿನೊಣದ ಕೆಲಸವಲ್ಲ

ತಪ್ಪು ಗುರುತಿಸುವಿಕೆಯಿಂದ ಹಣ ಹಾಳಾಗುವುದಷ್ಟೇ ಅಲ್ಲ, ಸರಿಯಾದ ಕೆಲಸಕ್ಕೆ ಇದ್ದ ಸಮಯವೂ ಕೈತಪ್ಪುತ್ತದೆ. ಆದ್ದರಿಂದ ಮೊದಲು ಗಿಡದ ಮುಂದೆ ಕುಳಿತು ನೋಡಬೇಕು. ಟೊಮೆಟೊದ ಎಲೆಮುಟುರು ನಂಜು ಕಾಣುವುದು ಹೊಸ ಚಿಗುರಿನಲ್ಲಿ. ಎಳೆಯ ಎಲೆಗಳು ಚಿಕ್ಕವಾಗಿ, ಅಂಚು ಹಳದಿಯಾಗಿ, ಬಟ್ಟಲಿನಂತೆ ಮೇಲಕ್ಕೋ ಕೆಳಕ್ಕೋ ಮಡಚಿಕೊಳ್ಳುತ್ತವೆ, ಗೆಣ್ಣುಗಳ ನಡುವಿನ ಅಂತರ ಕುಗ್ಗಿ ಗಿಡ ಪೊದೆಯಾಗುತ್ತದೆ, ಹೂ ಉದುರುತ್ತದೆ. ಹೊಸ ಚಿಗುರು ಚೆನ್ನಾಗಿದ್ದು, ಕೆಳಗಿನ ಹಳೆಯ ಎಲೆಗಳು ಮಾತ್ರ ದಪ್ಪಗೆ ತೊಗಲಿನಂತಾಗಿ ಮೇಲಕ್ಕೆ ಸುರುಳಿ ಸುತ್ತಿಕೊಂಡಿದ್ದರೆ ಅದು ಬಿಸಿಲು, ನೀರಿನ ಏರುಪೇರು ಅಥವಾ ಅತಿಯಾದ ಕುಡಿ ಚಿವುಟುವಿಕೆಯ ಪರಿಣಾಮ, ರೋಗವಲ್ಲ. ಎಲೆಗಳು ದಾರದಂತೆ ಸಪೂರವಾಗಿ ಸೊಟ್ಟಗಾಗಿದ್ದರೆ ಪಕ್ಕದ ರಾಗಿ ಅಥವಾ ಜೋಳದ ಹೊಲಕ್ಕೆ ಹೊಡೆದ 2,4-ಡಿ ಕಳೆನಾಶಕ ಗಾಳಿಯಲ್ಲಿ ಬಂದಿರುವ ಸಾಧ್ಯತೆಯಿದೆ. ಚಿಗುರು ಕಂಚಿನ ಬಣ್ಣಕ್ಕೆ ತಿರುಗಿ ಕಪ್ಪಾಗಿ ಸಾಯುತ್ತಿದ್ದರೆ, ಕಾಯಿಯ ಮೇಲೆ ಉಂಗುರದಂಥ ಗುರುತುಗಳಿದ್ದರೆ, ಅದು ಥ್ರಿಪ್ಸ್ ಎಂಬ ಸಣ್ಣ ರಸಹೀರುವ ಕೀಟ ಹರಡುವ ಮೊಗ್ಗು ಒಣಗುವ ನಂಜು. ಅದಕ್ಕೂ ಬಿಳಿನೊಣಕ್ಕೂ ಸಂಬಂಧವಿಲ್ಲ.

ಮೆಣಸಿನಕಾಯಿಯಲ್ಲಿ ಗೊಂದಲ ಇನ್ನೂ ಹೆಚ್ಚು, ಏಕೆಂದರೆ ಅಲ್ಲಿ ಮೂರು ಬೇರೆ ಬೇರೆ ಕಾರಣಗಳಿಗೂ ಮುಟುರು ಎಂಬ ಒಂದೇ ಮಾತು ಚಾಲ್ತಿಯಲ್ಲಿದೆ. ಎಲೆಯ ಅಂಚು ಮೇಲಕ್ಕೆ ದೋಣಿಯಂತೆ ಮಡಚಿದ್ದರೆ ಸಾಮಾನ್ಯವಾಗಿ ಥ್ರಿಪ್ಸ್; ಕೆಳಕ್ಕೆ ಮಡಚಿ, ತೊಟ್ಟು ಉದ್ದವಾಗಿ, ಎಲೆಯ ತಳ ಮಿರುಗುತ್ತಿದ್ದರೆ ಮೈಟ್ ನುಸಿ; ಎಲೆ ನರಗಳ ನಡುವೆ ಉಬ್ಬುತಗ್ಗಾಗಿ, ನರ ಹಳದಿಯಾಗಿ, ಗಿಡವೇ ಕುಳ್ಳಾಗಿದ್ದರೆ ಬಿಳಿನೊಣ ತಂದ ನಂಜು. ಮೈಟ್ ನುಸಿಗೆ ಬಿಳಿನೊಣದ ಔಷಧಿ ಹೊಡೆದು, ಗುಣವಾಗಲಿಲ್ಲವೆಂದು ಇನ್ನೊಂದು ಔಷಧಿ ಹೊಡೆಯುವುದನ್ನು ಎಷ್ಟೋ ಹೊಲಗಳಲ್ಲಿ ಕಾಣಬಹುದು. ಬೆಂಡೆ, ಬೀನ್ಸ್, ಹೆಸರುಗಳಲ್ಲಿ ಇಷ್ಟು ಕಷ್ಟವಿಲ್ಲ. ಬೆಂಡೆಯಲ್ಲಿ ನರಗಳ ಬಲೆ ಎದ್ದು ಕಾಣುವಂತೆ ಹಳದಿಯಾಗುತ್ತದೆ. ದ್ವಿದಳ ಬೆಳೆಗಳಲ್ಲಿ ಹಸಿರಿನ ನಡುವೆ ಹೊಳಪಿನ ಬಂಗಾರ ಬಣ್ಣದ ಮಚ್ಚೆಗಳು ಚದುರಿಕೊಂಡು, ಕ್ರಮೇಣ ಇಡೀ ಎಲೆಯನ್ನು ಆವರಿಸುತ್ತವೆ.

ನೊಣವನ್ನು ಹುಡುಕುವುದಾದರೆ ಬೆಳಿಗ್ಗೆ ಬಿಸಿಲೇರುವ ಮೊದಲು ಹೋಗಬೇಕು. ತಂಪಿನಲ್ಲಿ ಅದು ಜಡವಾಗಿರುತ್ತದೆ. ಮೇಲಿನ ಮೂರು ನಾಲ್ಕು ಎಲೆಗಳನ್ನು ತುದಿ ಹಿಡಿದು ಮೆಲ್ಲಗೆ ತಿರುಗಿಸಿದರೆ ತಳದಲ್ಲಿ ಕುಳಿತ ರೆಕ್ಕೆಯ ನೊಣಗಳು ಕಾಣುತ್ತವೆ. ಅವುಗಳ ರೆಕ್ಕೆಗಳು ಮಾಡಿನಂತೆ ಎರಡೂ ಕಡೆ ಇಳಿಜಾರಾಗಿ ಮಡಚಿದ್ದು, ನಡುವಿನ ಸಂದಿಯಲ್ಲಿ ಹಳದಿ ಮೈ ಸಣ್ಣ ಗೆರೆಯಾಗಿ ತೋರುತ್ತದೆ. ಮರಿಗಳನ್ನು ಕಾಣಲು ಕೆಳಗಿನ ಬಲಿತ ಎಲೆಯನ್ನು ಕಿತ್ತು, ಬೆಳಕಿಗೆ ಓರೆಯಾಗಿ ಹಿಡಿದು, ಹತ್ತು ಪಟ್ಟು ಹಿಗ್ಗಿಸುವ ಕೈಮಸೂರದಲ್ಲಿ ನೋಡಬೇಕು. ಎಲೆಗೆ ಚಪ್ಪಟೆಯಾಗಿ ಅಂಟಿದ, ಮಸುಕು ಹಳದಿಯ, ಮೊಟ್ಟೆಯಾಕಾರದ ಶಲ್ಕಗಳು ಕಾಣುತ್ತವೆ. ಅವುಗಳಲ್ಲಿ ದೊಡ್ಡವಕ್ಕೆ ಎರಡು ಕೆಂಪು ಕಣ್ಣುಗಳಿದ್ದರೆ ಒಂದೆರಡು ದಿನಗಳಲ್ಲಿ ನೊಣ ಹಾರಲಿದೆ ಎಂದು ತಿಳಿಯಬೇಕು. ಕೆಲವು ಶಲ್ಕಗಳು ಕಪ್ಪಾಗಿದ್ದರೆ ಅದು ಒಳ್ಳೆಯ ಸುದ್ದಿ: ಎನ್‌ಕಾರ್ಸಿಯಾ ಎಂಬ ಸಣ್ಣ ಪರಾವಲಂಬಿ ಕಣಜ ಅವುಗಳೊಳಗೆ ಬೆಳೆಯುತ್ತಿರಬಹುದು. ಅಂಥ ಎಲೆಗಳು ಹೆಚ್ಚಾಗಿರುವ ಹೊಲದಲ್ಲಿ ತೀಕ್ಷ್ಣ ಔಷಧಿ ಹೊಡೆಯುವ ಮೊದಲು ಎರಡು ಸಲ ಯೋಚಿಸಬೇಕು.

ನಾಟಿಗೆ ಮೊದಲಿನ ಕೆಲಸ

ಹೊಸ ಹೊಲಕ್ಕೆ ರೋಗ ಎರಡು ಹಂತಗಳಲ್ಲಿ ಬರುತ್ತದೆ. ಹೊರಗಿನಿಂದ ನಂಜಾಣು ಹೊತ್ತು ಹಾರಿಬಂದ ನೊಣಗಳು ಅಲ್ಲೊಂದು ಇಲ್ಲೊಂದು ಗಿಡಕ್ಕೆ ರೋಗ ಅಂಟಿಸುವುದು ಮೊದಲನೆಯದು. ಆ ಗಿಡಗಳಿಂದ ಹೊಲದೊಳಗಿನ ನೊಣಗಳು ಅಕ್ಕಪಕ್ಕದ ಗಿಡಗಳಿಗೆ ಹರಡುವುದು ಎರಡನೆಯದು. ನೊಣ ತಾನಾಗಿ ಹೆಚ್ಚು ದೂರ ಹಾರುವುದಿಲ್ಲವಾದರೂ ಗಾಳಿಯ ಸೆಳೆತದಲ್ಲಿ ಒಂದೆರಡು ಕಿಲೋಮೀಟರ್ ಆಚೆಗೂ ಹೋಗಬಲ್ಲದು. ಮೊದಲ ಹಂತವನ್ನು ಸಿಂಪಡಣೆಯಿಂದ ತಡೆಯುವುದು ಕಷ್ಟ, ಏಕೆಂದರೆ ನಿಮ್ಮ ಔಷಧಿಯಿಂದ ನೊಣ ಸಾಯುವ ಮೊದಲೇ ಅರ್ಧ ಗಂಟೆಯ ಊಟದಲ್ಲಿ ಅದು ತನ್ನ ಕೆಲಸ ಮುಗಿಸಿರಬಹುದು. ಸಿಂಪಡಣೆಗೆ ಬೆಲೆ ಬರುವುದು ಎರಡನೆಯ ಹಂತದಲ್ಲಿ. ಮೊದಲನೆಯದಕ್ಕೆ ದೂರ, ಪರದೆ, ತಳಿ, ಹಂಗಾಮುಗಳೇ ಕಾವಲು.

ನಾಟಿಗೆ ಕನಿಷ್ಠ ಮೂರು ವಾರ ಮೊದಲು ಹೊಲದ ಸುತ್ತ ಒಂದು ಸುತ್ತು ಹಾಕಿ ನಂಜಾಣು ಎಲ್ಲಿ ತಂಗಿದೆ ಎಂದು ನೋಡಬೇಕು. ಹಳೆಯ ಟೊಮೆಟೊ, ಮೆಣಸಿನ ತೋಟಗಳು ಮೊದಲ ಸಂಶಯ. ನಂತರ ಕಳೆಗಳು. ಪಾರ್ಥೇನಿಯಂ, ಅಜೆರಾಟಂ, ಮುರಿದರೆ ಹಾಲು ಸುರಿಸುವ ಯುಫೋರ್ಬಿಯಾ ಮುಂತಾದ ಕಳೆಗಳು ದಕ್ಷಿಣ ಭಾರತದಲ್ಲಿ ಟೊಮೆಟೊ ನಂಜಾಣುವಿಗೆ ಆಶ್ರಯ ಕೊಡುತ್ತವೆಂದು ಅಧ್ಯಯನಗಳಿಂದ ತಿಳಿದುಬಂದಿದೆ. ಬದುಗಳ ಮೇಲೆ, ಕೃಷಿಹೊಂಡದ ದಡದಲ್ಲಿ, ಹನಿ ನೀರಾವರಿ ಪೈಪು ಸೋರುವ ಜಾಗಗಳಲ್ಲಿ ಇವು ಬೇಸಿಗೆಯಲ್ಲೂ ಹಸಿರಾಗಿರುತ್ತವೆ. ಇವುಗಳನ್ನು ನಾಟಿಗೆ ಎರಡು ಮೂರು ವಾರ ಮೊದಲೇ ತೆಗೆಯಬೇಕು. ನಾಟಿಯಾದ ಮರುದಿನ ಕಳೆ ಕಿತ್ತರೆ, ಅದರ ಮೇಲಿದ್ದ ನೊಣಗಳೆಲ್ಲ ಹಸಿವಿನಿಂದ ಎಳೆಯ ಸಸಿಗಳಿಗೇ ಎರಗುತ್ತವೆ. ಆಗ ಕಳೆ ಕೀಳದೆ ಇದ್ದಿದ್ದೇ ವಾಸಿ ಎನಿಸುವಂತಾಗುತ್ತದೆ.

ಸಸಿಮಡಿಯ ವಿಷಯದಲ್ಲಿ ರಾಜಿ ಸಲ್ಲದು. 50 ಮೆಶ್ (ಅಂಗುಲಕ್ಕೆ 50 ಕಣ್ಣು) ಅಥವಾ ಅದಕ್ಕಿಂತ ಒತ್ತಾದ ನೈಲಾನ್ ಪರದೆಯೊಳಗೆ, ಪ್ರೋಟ್ರೇ ಎಂಬ ಗುಳಿಗಳಿರುವ ತಟ್ಟೆಗಳಲ್ಲಿ ಸಸಿ ಬೆಳೆಸಬೇಕು. ಸಾಮಾನ್ಯ ನೆರಳುಪರದೆ ನೊಣವನ್ನು ತಡೆಯುವುದಿಲ್ಲ. ಅದರ ಕಣ್ಣುಗಳಲ್ಲಿ ನೊಣ ಸಲೀಸಾಗಿ ನುಸುಳುತ್ತದೆ. ಸ್ವಂತ ಸಸಿ ಬೆಳೆಸದೆ ನರ್ಸರಿಯಿಂದ ಕೊಳ್ಳುವವರು ಮುಂಗಡ ಕೊಡುವ ಮೊದಲು ಒಮ್ಮೆ ಒಳಗೆ ಹೋಗಿ ನೋಡಿಬರಲಿ. ಬಾಗಿಲು ಎರಡಿವೆಯೇ, ಎರಡೂ ಒಟ್ಟಿಗೆ ತೆರೆದಿಲ್ಲವಷ್ಟೇ. ಪರದೆ ಎಲ್ಲಿಯಾದರೂ ಹರಿದಿದೆಯೇ. ಒಳಗೆ ಹಳದಿ ಅಂಟುಪಟ್ಟಿ ತೂಗುಹಾಕಿದ್ದಾರೆಯೇ, ಅದರಲ್ಲಿ ಏನು ಅಂಟಿದೆ. ಟ್ರೇಯನ್ನು ಅಂಗೈಯಿಂದ ತಟ್ಟಿದರೆ ಬಿಳಿ ಹುಡಿಯಂತೆ ನೊಣ ಏಳುತ್ತದೆಯೇ. ಸಸಿ ನೋಡಲು ಹಸಿರಾಗಿದೆ ಎಂಬುದೊಂದೇ ಸಾಲದು, ಏಕೆಂದರೆ ನರ್ಸರಿಯಲ್ಲಿ ರೋಗ ತಗುಲಿದ ಸಸಿ ಅಲ್ಲಿಂದ ಹೊರಡುವಾಗ ಯಾವ ಲಕ್ಷಣವನ್ನೂ ತೋರದೆ, ನಿಮ್ಮ ಹೊಲದಲ್ಲಿ ಬೇರೂರಿದ ಮೇಲೆ ಮುಟುರುತ್ತದೆ. ಸಾಗಿಸುವಾಗಲೂ ತೆರೆದ ಟೆಂಪೊದಲ್ಲಿ ತಂದು, ಹಳೆಯ ತೋಟದ ಪಕ್ಕದಲ್ಲಿ ಎರಡು ದಿನ ಇಟ್ಟುಕೊಂಡರೆ ಅಷ್ಟು ದಿನದ ಪರದೆಯ ಶ್ರಮ ವ್ಯರ್ಥ.

ತಳಿಯ ಆಯ್ಕೆ ಮುಂದಿನ ಮಾತು. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯ ಹೊರತಂದ ಸಂಕ್ರಾಂತಿ, ನಂದಿ, ವೈಭವ್ ಟೊಮೆಟೊ ತಳಿಗಳು ಎಲೆಮುಟುರು ರೋಗವನ್ನು ತಡೆಯಬಲ್ಲವು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಲೆಮುಟುರು, ದುಂಡಾಣು ಸೊರಗು ಮತ್ತು ಎಲೆಚುಕ್ಕೆಯ ಅಂಗಮಾರಿ ಮೂರಕ್ಕೂ ನಿರೋಧಕ ಸಂಕರಣ ತಳಿ. ಖಾಸಗಿ ಕಂಪನಿಗಳ ಅನೇಕ ಸಂಕರಣ ತಳಿಗಳಲ್ಲೂ ಕಾಡು ಟೊಮೆಟೊ ಜಾತಿಗಳಿಂದ ತಂದ ನಿರೋಧಕ ಗುಣವಿದೆ. ಪೊಟ್ಟಣದ ಮೇಲೆ ಅದನ್ನು ನಮೂದಿಸಿರುತ್ತಾರೆ. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ನಾಟಿಗೆ ನಿರೋಧಕ ತಳಿ ಬಿಟ್ಟು ಬೇರೆಯದನ್ನು ಹಾಕುವುದು ಜೂಜು ಎಂಬುದೇ ನನ್ನ ಅಭಿಪ್ರಾಯ. ಹಾಗೆಂದು ನಿರೋಧಕ ತಳಿ ಎಂದರೆ ಶಾಶ್ವತ ಭದ್ರತೆಯೂ ಅಲ್ಲ. ಬೆಂಡೆಯಲ್ಲಿ ಅರ್ಕಾ ಅನಾಮಿಕ, ಅರ್ಕಾ ಅಭಯ್ ತಳಿಗಳು ಬಂದಾಗ ಹಳದಿ ನಂಜಿನ ಕಾಟ ತಪ್ಪಿತೆಂದೇ ಎಲ್ಲರೂ ಭಾವಿಸಿದ್ದರು; ಕೆಲವು ವರ್ಷಗಳಲ್ಲಿ ನಂಜಾಣು ರೂಪ ಬದಲಿಸಿಕೊಂಡು ಅನೇಕ ಕಡೆ ಅರ್ಕಾ ಅನಾಮಿಕವನ್ನೂ ಹೊಕ್ಕಿತು. ನಿರೋಧಕ ತಳಿಯ ಮೇಲೂ ನೊಣದ ಸಂಖ್ಯೆಯನ್ನು ತಗ್ಗಿಸಿಟ್ಟರೆ ಆ ತಳಿಯ ಆಯುಷ್ಯ ಹೆಚ್ಚುತ್ತದೆ.

ಹೊಲದ ಸುತ್ತ ಎರಡು ಮೂರು ಸಾಲು ಮುಸುಕಿನ ಜೋಳವನ್ನು ನಾಟಿಗೆ ಹದಿನೈದು ಇಪ್ಪತ್ತು ದಿನ ಮೊದಲು ಒತ್ತಾಗಿ ಬಿತ್ತಬೇಕು. ಗಾಳಿಯಲ್ಲಿ ತಗ್ಗಾಗಿ ಬರುವ ನೊಣಗಳಿಗೆ ಇದು ಗೋಡೆಯಾಗುತ್ತದೆ, ಮತ್ತು ಟೊಮೆಟೊದ ಈ ನಂಜಾಣು ಜೋಳದಲ್ಲಿ ಬದುಕುವುದಿಲ್ಲ. ಬೇಲಿಸಾಲಿಗೆ ಬೆಂಡೆ, ಬದನೆ ಹಾಕಬಾರದು. ಅವು ನೊಣದ ಮೆಚ್ಚಿನ ಬೆಳೆಗಳು. ಚೆಂಡುಹೂ ಹಾಕಿದರೆ ಎಲ್ಲ ಕೀಟಕ್ಕೂ ಪರಿಹಾರ ಎಂಬ ಮಾತೂ ಚಲಾವಣೆಯಲ್ಲಿದೆ. ಅದು ಕಾಯಿಕೊರಕ ಹುಳುವನ್ನು ಸೆಳೆಯುವ ಬೆಳೆ. ಬಿಳಿನೊಣಕ್ಕೆ ಅದನ್ನು ನೆಚ್ಚಬಾರದು. ಮಲ್ಚಿಂಗ್ ಶೀಟ್ ಹಾಸುವವರು ಬೆಳ್ಳಿ ಬಣ್ಣದ ಮೈಯನ್ನು ಮೇಲೆ ಮಾಡಿ ಹಾಸಲಿ: ಕೆಳಗಿನಿಂದ ಚಿಮ್ಮುವ ಬೆಳಕಿನಿಂದ ನೊಣ ಇಳಿಯುವ ಜಾಗದ ಅಂದಾಜು ತಪ್ಪುತ್ತದೆ. ಗಿಡ ಹರಡಿ ಶೀಟನ್ನು ಮುಚ್ಚಿದ ಮೇಲೆ ಈ ಲಾಭ ಇರುವುದಿಲ್ಲ. ಆದರೆ ನಮಗೆ ಕಾವಲು ಬೇಕಾದ ಕಾಲವೂ ಅಷ್ಟರೊಳಗೇ ಬಹುಪಾಲು ಕಳೆದಿರುತ್ತದೆ.

ಬೀನ್ಸ್, ಹೆಸರು, ಅವರೆಗಳಿಗೆ

ದ್ವಿದಳ ಬೆಳೆಗಳಿಗೆ ಸಸಿಮಡಿಯ ರಕ್ಷಣೆ ಇಲ್ಲ. ಮೊಳಕೆ ಹೊರಬಂದ ದಿನದಿಂದಲೇ ಅವು ನೊಣಕ್ಕೆ ತೆರೆದಿರುತ್ತವೆ. ಇವುಗಳ ಹಳದಿ ನಂಜಾಣುಗಳು ದ್ವಿದಳ ಕುಟುಂಬದೊಳಗೇ ಸುತ್ತುತ್ತವೆ. ಪಕ್ಕದ ಟೊಮೆಟೊ ಮುಟುರಿದ್ದಕ್ಕೆ ಬೀನ್ಸ್‌ಗೆ ಬಂಗಾರ ಬಣ್ಣದ ಮಚ್ಚೆ ಬರುವುದಿಲ್ಲ. ಪಕ್ಕದ ಹುರುಳಿಯಿಂದ ಬರಬಹುದು. ಹುರುಳಿಯ ಹಳದಿ ನಂಜಾಣು ಬೀನ್ಸ್‌ಗೂ ತಗುಲುತ್ತದೆ ಎಂಬುದು ದಕ್ಷಿಣ ಕರ್ನಾಟಕದ ತರಕಾರಿ ಬೆಳೆಗಾರರಿಗೆ ಮುಖ್ಯವಾದ ವಿಷಯ. ಮುಂಗಾರಿನ ಕೊನೆಯಲ್ಲಿ ಖುಷ್ಕಿ ಹೊಲಗಳಲ್ಲಿ ಚೆಲ್ಲಿದ ಹುರುಳಿ ಹಳದಿಯಾಗಿ ನಿಂತಿದ್ದರೂ ಅದನ್ನು ಯಾರೂ ಲಕ್ಷ್ಯಕ್ಕೆ ತೆಗೆದುಕೊಳ್ಳುವುದಿಲ್ಲ. ಅದರ ಗಾಳಿಯ ಕೆಳಬದಿಯಲ್ಲಿ ನೀರಾವರಿ ಬೀನ್ಸ್ ಬಿತ್ತುವವರು ಆ ಹೊಲವನ್ನು ಮೊದಲು ಹೋಗಿ ನೋಡುವುದು ಒಳಿತು.

ಬಿತ್ತುವ ಬೀಜಕ್ಕೆ, ಆ ಬೆಳೆಗೆ ಶಿಫಾರಸಾದ ಇಮಿಡಾಕ್ಲೋಪ್ರಿಡ್ ಅಥವಾ ಥಯಾಮೆಥಾಕ್ಸಾಮ್ ಬೀಜೋಪಚಾರ ಮಾಡಿದರೆ ಮೊದಲ ಎರಡು ಮೂರು ವಾರ ಎಳೆಯ ಗಿಡಕ್ಕೆ ಒಳಗಿನಿಂದಲೇ ರಕ್ಷಣೆ ದೊರೆಯುತ್ತದೆ. ಶಿಲೀಂಧ್ರನಾಶಕವನ್ನೂ ರೈಜೋಬಿಯಂ ಅಣುಜೀವಿ ಗೊಬ್ಬರವನ್ನೂ ಬಳಸುವುದಾದರೆ ಮೊದಲು ಶಿಲೀಂಧ್ರನಾಶಕ, ನಂತರ ಕೀಟನಾಶಕ, ಬೀಜ ನೆರಳಿನಲ್ಲಿ ಒಣಗಿದ ಮೇಲೆ, ಬಿತ್ತನೆಗೆ ಸ್ವಲ್ಪ ಮೊದಲು ರೈಜೋಬಿಯಂ, ಈ ಕ್ರಮವನ್ನು ಪಾಲಿಸಬೇಕು. ಬಿತ್ತನೆಯನ್ನು ಕೊಂಚ ಒತ್ತಾಗಿ ಮಾಡಿ, ಮೊದಲ ನಾಲ್ಕು ವಾರಗಳಲ್ಲಿ ಹಳದಿ ಕಂಡ ಗಿಡಗಳನ್ನು ಕಿತ್ತು ತೆಗೆಯುತ್ತ ಅಂತರ ಸರಿಪಡಿಸಿಕೊಳ್ಳುವುದು ಖರ್ಚಿಲ್ಲದ ಉಪಾಯ. ಹೆಸರು ಬೆಳೆಯಲ್ಲಿ ಐಪಿಎಂ 2-14ರಂಥ ಹಳದಿ ನಂಜು ನಿರೋಧಕ ತಳಿಗಳಿವೆ. ನಿಮ್ಮ ಭಾಗಕ್ಕೆ ಯಾವುದು ಹೊಂದುತ್ತದೆ ಎಂಬುದನ್ನು ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ತಿಳಿಯಬೇಕು.

ನಾಟಿಯಾದ ಮೇಲೆ

ಸಸಿಗಳನ್ನು ಹೊಲಕ್ಕೆ ತರುವ ಮುನ್ನಾದಿನ ಟ್ರೇಗಳಿಗೆ ಶಿಫಾರಸಿನ ಪ್ರಮಾಣದಲ್ಲಿ ಅಂತರ್ವ್ಯಾಪಿ (ಗಿಡದೊಳಗೆ ಸೇರಿ ಹರಡುವ) ಕೀಟನಾಶಕದ ದ್ರಾವಣವನ್ನು ಬೇರಿಗೆ ಇಳಿಯುವಂತೆ ಉಣಿಸಿದರೆ, ಹೊಲದಲ್ಲಿ ಮಾಡುವ ಒಂದೆರಡು ಸಿಂಪಡಣೆ ಉಳಿಯುತ್ತದೆ. ಎಕರೆಗೆ ಹತ್ತು ಹನ್ನೆರಡು ಹಳದಿ ಅಂಟುಪಟ್ಟಿಗಳನ್ನು ಗಿಡದ ತುದಿಯ ಮಟ್ಟದಲ್ಲಿ ನಿಲ್ಲಿಸಿ, ಗಿಡ ಬೆಳೆದಂತೆ ಪಟ್ಟಿಯನ್ನೂ ಮೇಲೇರಿಸಬೇಕು. ಪಟ್ಟಿಗಳಿಂದಲೇ ನೊಣವನ್ನು ಮುಗಿಸಿಬಿಡಬಹುದೆಂಬ ಭರವಸೆ ಬೇಡ. ಅವುಗಳ ಉಪಯೋಗವಿರುವುದು ನೊಣ ಯಾವ ದಿಕ್ಕಿನಿಂದ, ಯಾವ ವಾರ ಬಂತು ಎಂದು ತಿಳಿಯುವುದರಲ್ಲಿ. ಪಶ್ಚಿಮದ ಅಂಚಿನ ಪಟ್ಟಿಯಲ್ಲಿ ಮಾತ್ರ ನೊಣ ತುಂಬಿದ್ದರೆ ನಿಮ್ಮ ಗಮನವೂ ಮೊದಲು ಆ ಅಂಚಿನ ಸಾಲುಗಳಿಗೆ ಹೋಗಬೇಕು.

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಕೆಲಸ ರೋಗದ ಗಿಡವನ್ನು ಕಿತ್ತೊಗೆಯುವುದು, ಮತ್ತು ಬೆಳೆಗಾರರಿಗೆ ಎಲ್ಲಕ್ಕಿಂತ ಮನಸ್ಸೊಪ್ಪದ ಕೆಲಸವೂ ಅದೇ. ಒಂದೊಂದು ಸಸಿಗೂ ದುಡ್ಡು ಕೊಟ್ಟು ತಂದು, ನೆಟ್ಟು, ನೀರುಣಿಸಿದ ಮೇಲೆ ಕೀಳಲು ಕೈ ಬಾರದು. ಸುಧಾರಿಸಿಕೊಂಡೀತು ಎಂಬ ಆಸೆ ಇರುತ್ತದೆ. ಎಲೆಮುಟುರು ತಗುಲಿದ ಗಿಡ ಸುಧಾರಿಸಿಕೊಳ್ಳುವುದಿಲ್ಲ. ಗೊಬ್ಬರ, ಲಘುಪೋಷಕಾಂಶ, ಟಾನಿಕ್ ಹೊಡೆದಾಗ ನಾಲ್ಕು ಹಸಿರು ಎಲೆ ಬಂದರೂ ನಂಜಾಣು ಒಳಗೇ ಇರುತ್ತದೆ, ಮತ್ತು ಆ ಎಳೆ ಎಲೆಗಳು ನೊಣವನ್ನು ಇನ್ನಷ್ಟು ಸೆಳೆಯುತ್ತವೆ. ಆದ್ದರಿಂದ ನಾಟಿಯಾದ ಮೊದಲ ಐದಾರು ವಾರ, ವಾರಕ್ಕೆ ಎರಡು ಸಲ ಎಲ್ಲ ಸಾಲುಗಳಲ್ಲೂ ನಡೆದು, ಸಂಶಯವಿಲ್ಲದ ಗಿಡಗಳನ್ನು ತೆಗೆಯಬೇಕು. ತೆಗೆಯುವುದಕ್ಕೂ ಒಂದು ರೀತಿಯಿದೆ. ಬೆಳಿಗ್ಗೆ ತಂಪಿನಲ್ಲಿ ಹೋಗಿ, ಗಿಡವನ್ನು ಅಲುಗಿಸದೆ ಮೊದಲು ಬೇವಿನ ಸಾಬೂನಿನ ದ್ರಾವಣವನ್ನು ಅದರ ಮೇಲೂ ಪಕ್ಕದ ಗಿಡಗಳ ಮೇಲೂ ಸಿಂಪಡಿಸಿ ನೊಣಗಳನ್ನು ನೆನೆಸಿ, ನಂತರ ಗಿಡದ ಮೇಲೆ ಪ್ಲಾಸ್ಟಿಕ್ ಚೀಲ ಇಳಿಬಿಟ್ಟು, ಬುಡ ಹಿಡಿದು ಕಿತ್ತು, ಚೀಲದ ಬಾಯಿ ಕಟ್ಟಿ, ಹೊಲದ ಹೊರಗೆ ಗುಂಡಿಯಲ್ಲಿ ಹೂಳಬೇಕು. ಹಾಗೆ ಮಾಡದೆ ಗಿಡವನ್ನು ಜಗ್ಗಿ ಕಿತ್ತು ಸಾಲಿನುದ್ದಕ್ಕೂ ಎಳೆದುಕೊಂಡು ಹೋದರೆ ನಂಜು ಹೊತ್ತ ನೊಣಗಳನ್ನು ನಾವೇ ಹೊಲವೆಲ್ಲ ಹಂಚಿದಂತಾಗುತ್ತದೆ. ಗಿಡಗಳಲ್ಲಿ ಕಾಯಿ ತುಂಬಿಕೊಂಡ ಮೇಲೆ ರೋಗ ಕಂಡರೆ ಕೀಳುವುದರಿಂದ ಲಾಭ ಕಡಿಮೆ. ಆಗ ಇದ್ದ ಫಸಲನ್ನು ಕೊಯ್ದುಕೊಳ್ಳುವುದೇ ಸರಿ.

ಸಾರಜನಕವನ್ನು ಅಳತೆ ಮೀರಿ ಕೊಡಬಾರದು. ಯೂರಿಯಾ ಹೆಚ್ಚಾದ ಗಿಡದ ಮೆತ್ತನೆಯ ಎಲೆಗಳಲ್ಲಿ ನೊಣ ಚೆನ್ನಾಗಿ ವೃದ್ಧಿಯಾಗುತ್ತದೆ.

ಸಿಂಪಡಣೆ ಎಲ್ಲಿ, ಎಷ್ಟು

ಮೊದಲ ಆಯ್ಕೆಯಾಗಿ ಬೇವನ್ನು ಹೇಳುವುದು ಸಂಪ್ರದಾಯಕ್ಕಾಗಿ ಅಲ್ಲ. ಶೇ. 5ರ ಬೇವಿನ ಬೀಜದ ಕಷಾಯ, ಹೆಸರಘಟ್ಟದ ಸಂಸ್ಥೆ ರೂಪಿಸಿದ ಬೇವಿನ ಸಾಬೂನು ಮತ್ತು ಹೊಂಗೆ ಸಾಬೂನು ಮರಿಗಳ ಬೆಳವಣಿಗೆಯನ್ನು ತಡೆಯುತ್ತವೆ, ನೊಣ ಕುಳಿತು ಹೀರುವುದನ್ನು ಕಡಿಮೆ ಮಾಡುತ್ತವೆ, ಮತ್ತು ಗುಲಗಂಜಿ ಹುಳು, ಪರಾವಲಂಬಿ ಕಣಜಗಳಿಗೆ ಹೆಚ್ಚು ಹಾನಿ ಮಾಡುವುದಿಲ್ಲ. ಕಷಾಯಕ್ಕೆ ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ತಿರುಳಿನ ಪುಡಿ. ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಸೋಪಿನ ನೀರು ಬೆರೆಸಿ, ಸಂಜೆಯ ಹೊತ್ತು ಹೊಡೆಯಬೇಕು. ಯಾವ ದ್ರಾವಣವಾದರೂ ಎಲೆಯ ತಳಕ್ಕೆ ಬೀಳದಿದ್ದರೆ ಹೊಡೆದೂ ಹೊಡೆಯದಂತೆ. ನಾಝಲ್ಲನ್ನು ಸಾಲಿನ ಬುಡದಿಂದ ಮೇಲ್ಮುಖವಾಗಿ ಹಿಡಿಯುವ ಅಭ್ಯಾಸವನ್ನು ಕೂಲಿಯವರಿಗೂ ಹೇಳಿಕೊಡಬೇಕು. ಸಿಂಪಡಣೆಯ ನಂತರ ಹತ್ತು ಎಲೆಗಳನ್ನು ತಿರುಗಿಸಿ ನೋಡಿದರೆ ತಳ ನೆನೆದಿದೆಯೋ ಇಲ್ಲವೋ ಗೊತ್ತಾಗುತ್ತದೆ.

ರಾಸಾಯನಿಕ ಅನಿವಾರ್ಯವಾದಾಗ ಲೇಬಲ್ ಮೇಲೆ ಆ ಬೆಳೆ ಮತ್ತು ಆ ಕೀಟದ ಹೆಸರಿರುವುದನ್ನೇ ಕೊಳ್ಳಬೇಕು. ಟೊಮೆಟೊಗೆ ಇಮಿಡಾಕ್ಲೋಪ್ರಿಡ್ 17.8 ಎಸ್‌ಎಲ್ ಲೀಟರ್ ನೀರಿಗೆ 0.3 ಮಿಲಿಲೀಟರ್ ಬಳಕೆಯಲ್ಲಿರುವ ಪ್ರಮಾಣ. ಥಯಾಮೆಥಾಕ್ಸಾಮ್ ಕೂಡ ಇದೇ ವರ್ಗದ್ದು. ಒಂದರ ನಂತರ ಇನ್ನೊಂದನ್ನು ಹೊಡೆದು ಔಷಧಿ ಬದಲಿಸಿದೆನೆಂದುಕೊಂಡರೆ ಹೆಸರು ಬದಲಾಯಿತೇ ಹೊರತು ವಿಷ ಬದಲಾಗಲಿಲ್ಲ. ಎರಡೂ ಕೀಟದ ನರಮಂಡಲದ ಒಂದೇ ಜಾಗಕ್ಕೆ ಹೊಡೆಯುವುದರಿಂದ ಒಂದಕ್ಕೆ ಒಗ್ಗಿಕೊಂಡ ನೊಣ ಇನ್ನೊಂದಕ್ಕೂ ಬಗ್ಗುವುದಿಲ್ಲ. ಮುಂದಿನ ಸಿಂಪಡಣೆಗೆ ಮರಿಗಳ ಮೇಲೆ ಕೆಲಸ ಮಾಡುವ ಸ್ಪೈರೊಮೆಸಿಫೆನ್, ಇಲ್ಲವೆ ನೊಣ ರಸ ಹೀರುವುದನ್ನೇ ಬೇಗ ನಿಲ್ಲಿಸುವ ಸಯಾಂಟ್ರಾನಿಲಿಪ್ರೋಲ್‌ನಂಥ ಬೇರೆ ವರ್ಗದ್ದನ್ನು ಆರಿಸಬೇಕು. ಸೈಪರ್‌ಮೆಥ್ರಿನ್‌ನಂಥ ಪೈರೆಥ್ರಾಯ್ಡ್‌ಗಳನ್ನು ಮೇಲಿಂದ ಮೇಲೆ ಹೊಡೆದರೆ ಮಿತ್ರಕೀಟಗಳು ಸತ್ತು ಬಿಳಿನೊಣ ಮೊದಲಿಗಿಂತ ಹೆಚ್ಚುತ್ತದೆ. ಹತ್ತಿ ಬೆಳೆಯುವ ಸೀಮೆಗಳಲ್ಲಿ ಇದು ಅನುಭವದಿಂದ ತಿಳಿದ ಸತ್ಯ. ಎರಡು ಮೂರು ಔಷಧಿಗಳನ್ನು ಒಂದೇ ಟ್ಯಾಂಕಿನಲ್ಲಿ ಬೆರೆಸುವುದು, ಮೂರು ದಿನಕ್ಕೊಮ್ಮೆ ಹೊಡೆಯುವುದು, ಜೇನುನೊಣಗಳು ಹೂವಿಗೆ ಬರುವ ಹೊತ್ತಿನಲ್ಲಿ ಹೊಡೆಯುವುದು ಇವೆಲ್ಲ ಬಿಡಬೇಕಾದ ಅಭ್ಯಾಸಗಳು. ಹೊಡೆದ ದಿನ ಮತ್ತು ಕೊಯ್ಲಿನ ದಿನದ ನಡುವೆ ಲೇಬಲ್ ಹೇಳುವಷ್ಟು ದಿನ ಕಾಯಲೇಬೇಕು, ಆ ಕಾಯಿಯನ್ನು ತಿನ್ನುವವರು ಯಾರದೋ ಮನೆಯ ಮಕ್ಕಳು.

ಕೊಯ್ಲು ಮುಗಿದ ಮೇಲೆ

ಬೆಲೆ ಕುಸಿದಾಗ ಟೊಮೆಟೊ ತೋಟವನ್ನು ಹಾಗೆಯೇ ಬಿಟ್ಟುಬಿಡುವುದು ನಮ್ಮಲ್ಲಿ ಸಾಮಾನ್ಯ. ಕೊಯ್ಲಿನ ಕೂಲಿಯೇ ಹುಟ್ಟದಿರುವಾಗ ಗಿಡ ಕೀಳಲು ಇನ್ನಷ್ಟು ಖರ್ಚು ಮಾಡಿ ಎನ್ನುವುದು ಸುಲಭವಲ್ಲ. ಅದು ನನಗೂ ಗೊತ್ತಿದೆ. ಆದರೆ ಹಾಗೆ ಬಿಟ್ಟ ತೋಟದಿಂದ ಮುಂದಿನ ಎರಡು ತಿಂಗಳು ಸುತ್ತಲಿನ ಎಲ್ಲ ಹೊಸ ನಾಟಿಗಳಿಗೂ, ಬಿಟ್ಟವನದೇ ಮುಂದಿನ ನಾಟಿಗೂ, ನಂಜು ಹೊತ್ತ ನೊಣಗಳು ಹಾರುತ್ತಲೇ ಇರುತ್ತವೆ. ಡೊಮಿನಿಕನ್ ಗಣರಾಜ್ಯದಲ್ಲಿ 1990ರ ದಶಕದಲ್ಲಿ ಟೊಮೆಟೊ ಕೃಷಿ ಇದೇ ಜಾತಿಯ ರೋಗದಿಂದ ನೆಲಕಚ್ಚಿದಾಗ, ಬಿಳಿನೊಣಕ್ಕೆ ಆಶ್ರಯ ಕೊಡುವ ಬೆಳೆಗಳನ್ನು ವರ್ಷಕ್ಕೆ ಮೂರು ತಿಂಗಳು ಯಾರೂ ಬೆಳೆಯಬಾರದೆಂದು ಅಲ್ಲಿನ ಸರ್ಕಾರ ಕಟ್ಟುನಿಟ್ಟು ಮಾಡಿತು. ನಿರೋಧಕ ತಳಿಗಳ ಜೊತೆಗೆ ಈ ಬಿಡುವೇ ಬೆಳೆಯನ್ನು ಮತ್ತೆ ಮೇಲೆತ್ತಿತು. ಸಣ್ಣ ಹಿಡುವಳಿಗಳ ನಮ್ಮ ಜಿಲ್ಲೆಗಳಲ್ಲಿ ಅಂಥ ಆದೇಶ ನಡೆಯುವುದು ಕಷ್ಟ. ಆದರೆ ಒಂದೇ ಕೆರೆಯ ಅಚ್ಚುಕಟ್ಟಿನ ಹತ್ತು ಹದಿನೈದು ಮನೆಗಳವರು ಕುಳಿತು, ಬೇಸಿಗೆಯ ನಾಟಿಗೆ ಮೊದಲು ಒಂದು ತಿಂಗಳು ಟೊಮೆಟೊ, ಮೆಣಸು, ಬದನೆ ಯಾವುದೂ ಹೊಲದಲ್ಲಿರದಂತೆ ಒಪ್ಪಂದ ಮಾಡಿಕೊಳ್ಳುವುದು ಸಾಧ್ಯವಿದೆ. ಅಂಥ ಒಪ್ಪಂದಕ್ಕೆ ತೋಟಗಾರಿಕೆ ಇಲಾಖೆಯವರನ್ನೂ ಕರೆದು ಕೂರಿಸಿಕೊಳ್ಳಬಹುದು.

ಕೊನೆಯ ಕೊಯ್ಲಾದ ವಾರದೊಳಗೆ ತೋಟ ತೆಗೆಯಬೇಕು. ಮೊದಲ ದಿನ ಸಂಜೆ ಬೇವಿನ ಎಣ್ಣೆ ಅಥವಾ ಸಾಬೂನಿನ ದ್ರಾವಣವನ್ನು ಇಡೀ ತೋಟಕ್ಕೆ ಹೊಡೆದು ರೆಕ್ಕೆಯ ನೊಣಗಳನ್ನು ಕೆಡವಬೇಕು. ಮರುದಿನ ಬೆಳಿಗ್ಗೆ ಕೋಲು, ದಾರಗಳನ್ನು ಬಿಚ್ಚಿ, ಗಿಡಗಳನ್ನು ಬೇರುಸಹಿತ ಕೀಳಬೇಕು. ಬುಡ ಕತ್ತರಿಸಿ ಬಿಟ್ಟರೆ ಒಂದು ಮಳೆಗೆ ಮತ್ತೆ ಚಿಗುರುತ್ತದೆ, ಆ ಚಿಗುರಿನಲ್ಲಿ ನಂಜಾಣುವೂ ಇರುತ್ತದೆ. ಕಿತ್ತ ಗಿಡಗಳನ್ನು ಬದುವಿನ ಮೇಲೆ ರಾಶಿ ಹಾಕದೆ, ಅದೇ ದಿನ ಗುಂಡಿಗೆ ಹಾಕಿ ಮೇಲೆ ಅರ್ಧ ಅಡಿಗೂ ಹೆಚ್ಚು ಮಣ್ಣು ಮುಚ್ಚಬೇಕು. ಗುಂಡಿ ತೆಗೆಯಲಾಗದವರು ರಾಶಿಯನ್ನು ಹಳೆಯ ಮಲ್ಚಿಂಗ್ ಶೀಟಿನಿಂದ ಸಂದಿಯಿಲ್ಲದಂತೆ ಮುಚ್ಚಿ, ಅಂಚಿಗೆ ಮಣ್ಣು ಏರಿಸಿ, ಬಿಸಿಲಿಗೆ ಎರಡು ಮೂರು ವಾರ ಬಿಡಬೇಕು. ಉದುರಿದ ಹಣ್ಣಿನ ಬೀಜದಿಂದ ತಾನಾಗಿ ಹುಟ್ಟುವ ಟೊಮೆಟೊ ಸಸಿಗಳನ್ನು ಮುಂದಿನ ಉಳುಮೆಯವರೆಗೆ ಬಿಡದೆ, ಕಂಡಾಗಲೆಲ್ಲ ಕಿತ್ತುಹಾಕಬೇಕು.